ಮಾಸ್ತರರ ಸವಾರಿ, ಲೆಕ್ಕಭಂಡಾರಿಯ ದಾರಿ

ಗಣಿತದ ಮಾಸ್ತರರಾಗಿದ್ದ ಮುಪ್ಪಯ್ಯನವರ ಹೆಣಕ್ಕೆ ವಿಭೂತಿ ಹಚ್ಚಿ, ಹೊರಲು ಬಿದಿರು ಕಟ್ಟಿದ ಕುರ್ಚಿಯಲ್ಲಿ ಕೂರಿಸಿದ್ದರು. ಅಷ್ಟರಲ್ಲಿ ಅಳಿಯ ಕೊಟ್ರೇಶ ಮಾನಿಟರು, ಬ್ಯಾಟರಿ, ವಯರುಗಳ ಸಮೇತ ಕಂಪ್ಯೂಟರನ್ನು ಹೊತ್ತು ಅಂಗಳಕ್ಕೆ ಬಂದ!

ಮಗಳು ನೀಲಾಂಬಿಕೆ ಅಳು ನಿಲ್ಲಿಸಿ ಗಂಡನನ್ನು ದಿಟ್ಟಿಸಿದಳು. "ಇವತ್ತರ ಸುಮ್ನಿರ್ರಿ!"

"ಇವತ್ತ ಬಿಟ್ರ ಇನ್ಯಾವಾಗ? ಮಾವನೋರು ಇದನ್ನ ನೋಡೇ ಹೋಗ್ಬೇಕು!"

ಕೊಟ್ರೇಶ ವರ್ಷಗಟ್ಟಲೆ ಕೂತು ಬರೆದ ತಂತ್ರಾಂಶ ಅದು. ಹೆಸರು ಲೆಕ್ಕಭಂಡಾರಿ. ಎಂಥ ಕಗ್ಗಂಟಿನ ಸಮೀಕರಣ ಕೊಟ್ಟರೂ ಬಿಡಿಸುತ್ತಿತ್ತು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಮಾವ ಮಾತ್ರ, "ತಲಿ ಇದ್ದಾವಗ ಡಬ್ಬಿ ಯಾಕ?" ಎಂದು ಸಾಯುವವರೆಗೂ ಅದರತ್ತ ಕಣ್ಣೆತ್ತಿ ನೋಡಿರಲಿಲ್ಲ. ಆ ನೋವು ನೀಲಾಂಬಿಕೆಗೆ ಗೊತ್ತು. ಸರಿದು ಕಂಪ್ಯೂಟರಿಗೆ ಜಾಗ ಬಿಟ್ಟಳು.

ರುದ್ರಭೂಮಿ ಊರಾಚೆ ಇತ್ತು. ಹುಸೇನಸಾಬನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಒಯ್ಯುವುದೆಂದು ಮಾತಾಗಿತ್ತು. ಕೊಟ್ರೇಶ ಅದರ ಹ್ಯಾಂಡಲ್ಲಿಗೂ ಗಾಲಿಗೂ ಮೋಟಾರು ಬಿಗಿದು, ಕಂಪ್ಯೂಟರಿಗೆ ತಂತಿ ಎಳೆದ.

"ಮನಿ ಒಂದು ಬಿಂದು, ಮಣ್ಣು ಮಾಡೂ ಕುಣಿ ಒಂದು ಬಿಂದು. ನಡುವಿನ ದಾರಿ ಲೆಕ್ಕ ಹಾಕಿ ತಾನ ಓಡಿಸ್ತೈತಿ!"

"ಬ್ರೇಕ್ ಒಂದರ ನನ್ನ ಕೈಯಾಗ ಬಿಡ್ರೀ ಸಾಹೇಬ್ರ," ಎಂದು ಹುಸೇನಸಾಬ ಗೋಗರೆದ.

"ಬ್ರೇಕೂ ಲೆಕ್ಕದಾಗ ಐತಿ!"

ಕುರ್ಚಿಯನ್ನು ಗಾಡಿಗೇರಿಸಿ ಕಟ್ಟಿದರು. ಅಪ್ಪ ವಾಲದಂತೆ ಹಿಡಿದು ನೀಲಾಂಬಿಕೆ ಪಕ್ಕದಲ್ಲಿ ಕೂತಳು. ಟಂಟಂ ಗುರ್ ಎಂದಿತು. ರುದ್ರಭೂಮಿ ಪೂರ್ವಕ್ಕಿದ್ದರೆ ಅದು ಪಶ್ಚಿಮಕ್ಕೆ ಓಡಿತು!

"ವರ್ಗಮೂಲಕ್ಕ ಎರಡು ಉತ್ತರ ಇರ್ತಾವ," ಕೊಟ್ರೇಶ ಹಿಂದೆ ಓಡುತ್ತ ಕೂಗಿದ. "ಒಂದು ಧನ, ಒಂದು ಋಣ. ಮೊದಲ ಋಣದ ಕಡಿ ನೋಡಿ ಬರ್ತೈತಿ!"

"ನಮ್ಮಪ್ಪಗ ಇರೂದು ಒಂದ ಕುಣಿ!"

ಹಲಗೆ ಬಾರಿಸುವವರು ಏದುಸಿರು ಬಿಡುತ್ತ ಹಿಂಬಾಲಿಸಿದರು. ರೈಲು ನಿಲ್ದಾಣ ಮುಟ್ಟಿದ ಮೇಲೆ ಲೆಕ್ಕಭಂಡಾರಿಗೆ ಜ್ಞಾನೋದಯವಾಯಿತು. ಈಗ ಪೂರ್ವಕ್ಕೆ ಹೊರಟಿತು. ಆದರೆ ಅದಕ್ಕೆ ಚೂಪಾದ ತಿರುವುಗಳು ಸೇರವು. ನಯವಾದ ವಕ್ರರೇಖೆಯೇ ಬೇಕು. ಆ ರೇಖೆ ಸೀದಾ ಕಾಯಿಪಲ್ಲೆ ಸಂತೆಯ ನಡುವೆ ಹಾದುಹೋಗಿತ್ತು! ಟೊಮೆಟೊ ಬುಟ್ಟಿಗಳು ಉರುಳಿದವು. ಚಪ್ಪರದ ಹಗ್ಗಕ್ಕೆ ಮಾಸ್ತರರ ರುಮಾಲು ಸಿಕ್ಕಿ ನೇತಾಡಿತು. ಬೈಯಲು ಎದ್ದವರು ಗಾಡಿಯಲ್ಲಿ ಕೂತವರನ್ನು ಕಂಡು ಕೈಮುಗಿದು ನಿಂತರು. ಅಪ್ಪನ ಬರಿದಲೆ ನೀಲಾಂಬಿಕೆಯ ಭುಜಕ್ಕೆ ಒರಗಿತು. ತಣ್ಣಗಿತ್ತು. ಜ್ವರ ಬಂದಾಗಲೂ ಮಗಳಿಗೆ ಒರಗದಿದ್ದ ಮನುಷ್ಯ. ಅವಳು ಸೆರಗಿನಿಂದ ಆ ತಲೆಯ ಧೂಳು ಒರೆಸಿದಳು.

ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕಿತ್ತು. ಕಡೆಗೂ ರುದ್ರಭೂಮಿಯ ಗೇಟು ಕಂಡಿತು. ಗಾಡಿ ಉಳಿದ ದಾರಿಯಲ್ಲಿ ಅರ್ಧ ಹೋಗಿ ನಿಂತಿತು. ಆಮೇಲೆ ಉಳಿದದ್ದರಲ್ಲಿ ಅರ್ಧ. ಮತ್ತೆ ಅದರಲ್ಲಿ ಅರ್ಧ. ಕೊನೆಗೆ ಇರುವೆಯೂ ನಾಚುವಷ್ಟು ಮೆಲ್ಲಗೆ ತೆವಳತೊಡಗಿತು.

"ಯಾಕ್ರೀ ಮುಟ್ಟವಲ್ದು?"

ಕೊಟ್ರೇಶ ಮಾನಿಟರಿನತ್ತ ಬಾಗಿದ. "ಇದು... ಸೀಮಾ ಮೌಲ್ಯ. ಹತ್ರ ಹೋಗ್ತೈತಿ, ಮುಟ್ಟೂದಿಲ್ಲ."

ಹುಸೇನಸಾಬ ಎಂಜಿನ್ನಿನ ತಂತಿ ಕಿತ್ತ. ಆದರೂ ಗಾಡಿ ಕೊಟ್ರೇಶನ ಬ್ಯಾಟರಿಯ ಮೇಲೆ ತೆವಳುತ್ತಲೇ ಇತ್ತು. ಸೂರ್ಯ ಬೇಲಿಗಿಳಿದಿದ್ದ. ನೀಲಾಂಬಿಕೆ ಕೆಳಗಿಳಿದು, ಕುರ್ಚಿಯ ಕಟ್ಟು ಬಿಚ್ಚಿ, ಅದರ ಬಿದಿರಿಗೆ ಹೆಗಲು ಕೊಟ್ಟಳು.

"ಹೆಣ್ಮಕ್ಕಳು ಹೆಗಲು ಕೊಡಬಾರ್ದವ್ವಾ," ಎಂದರು ಹಿರಿಯರೊಬ್ಬರು.

"ಮತ್ತ ಈ ಡಬ್ಬಿ ಕೊಡ್ತೈತೇನ್ರೀ?"

ಹಿರಿಯರು ಪಕ್ಕಕ್ಕೆ ಸರಿದರು. ಇನ್ನೊಂದು ತುದಿಗೆ ಕೊಟ್ರೇಶ ಹೆಗಲು ಕೊಟ್ಟ. ನಡೆಯುತ್ತಲೇ ಬಿಕ್ಕಿದ. "ಒಮ್ಮೆರ ನೋಡಿದ್ರ ಸಾಕಾಗಿತ್ತು."

"ನೋಡಿದ್ರ ತಪ್ಪು ಎಲ್ಲೈತಂತ ಹೇಳ್ತಿದ್ರು. ನಡೀರಿ."

ಕತ್ತಲು ಕವಿಯುವ ಮುನ್ನ ಮಾಸ್ತರರು ಮಣ್ಣಿನೊಳಗೆ ಕೂತರು. ಎಲ್ಲರೂ ಮನೆಯತ್ತ ತಿರುಗಿದರು. ಗೇಟಿನ ಮುಂದೆ ಖಾಲಿ ಟಂಟಂ ಇನ್ನೂ ಅರ್ಧದ ಅರ್ಧ ಮುಗಿಸುತ್ತಿತ್ತು. ಕೊಟ್ರೇಶ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅದು ಯಾವಾಗ ಮುಟ್ಟತೈತಿ?" ನೀಲಾಂಬಿಕೆ ಕೇಳಿದಳು.

"ಅನಂತಕ್ಕ."

"ಅಷ್ಟ್ರಾಗ ಬಂದು ಜಳಕ ಮಾಡ್ರಿ. ನೀರು ಆರ್ತಾವ."