ಸೇತುರಾಮರ ಕಾರೂ ಆಂಜನೇಯನ ಬೆಣ್ಣೆಯೂ

"ಬೆಣ್ಣೆ ಬಂದರೆ ನನ್ನ ಕಾರಿನಲ್ಲೇ ಬರಬೇಕು. ಇಲ್ಲದಿದ್ರೆ ಆಂಜನೇಯ ಈ ಶನಿವಾರ ಬರೀ ಸಿಂಧೂರದಲ್ಲೇ ಇರಲಿ!"

ಬಸವೇಶ್ವರನಗರದ ತಮ್ಮ ಮನೆಯ ಹಾಲಿನಲ್ಲಿ ಕಾಫಿ ಲೋಟವನ್ನು ಗದೆಯಂತೆ ಎತ್ತಿ ಹಿಡಿದು ಸೇತುರಾಮರು ಗುಡುಗಿದರು. ಗುಡುಗಿದ ರಭಸಕ್ಕೆ ಲೋಟದ ತಳದಲ್ಲಿದ್ದ ಕಾಫಿ ಅವರ ಅಂಗಿಯ ಮೇಲೇ ಬಿತ್ತು. ಅದು ಮುಂದೆ ಬೀಳಲಿರುವುದರ ಮುನ್ಸೂಚನೆ ಎಂದು ಯಾರಿಗೂ ಹೊಳೆಯಲಿಲ್ಲ.

ವಿಷಯ ಇಷ್ಟು. ಸೇತುರಾಮರ ಅತ್ತೆಗೆ ಮಂಡಿಯ ಆಪರೇಷನ್ ಆಗಿತ್ತು. "ಕೋಲಿಲ್ಲದೆ ನಡೆಯೋ ಹಾಗಾದ್ರೆ ನಿನಗೆ ಬೆಣ್ಣೆ ಅಲಂಕಾರ ಮಾಡಿಸ್ತೀನಪ್ಪಾ" ಎಂದು ಅವರು ರಾಜರಾಜೇಶ್ವರಿನಗರದಲ್ಲಿ ಕಿರಿಯ ಮಗಳ ಮನೆಯ ಹತ್ತಿರವಿದ್ದ ಆಂಜನೇಯನಿಗೆ ಹರಕೆ ಹೊತ್ತಿದ್ದರು. ಆಂಜನೇಯ ತನ್ನ ಪಾಲಿನ ಕೆಲಸ ಮಾಡಿ ಮುಗಿಸಿದ್ದ. ಅತ್ತೆ ಈಗ ಕೋಲಿಲ್ಲದೆ ನಡೆಯುತ್ತಿದ್ದರು. ಸಿಟ್ಟು ಬಂದಾಗ ಓಡುತ್ತಲೂ ಇದ್ದರು. ಇನ್ನು ಉಳಿದಿದ್ದು ಹತ್ತು ಕೆ.ಜಿ. ಬೆಣ್ಣೆ. ಅದೂ ರಾಜಾಜಿನಗರದ ಅಂಗಡಿಯದೇ ಆಗಬೇಕು. ಬೇರೆ ಕಡೆಯ ಬೆಣ್ಣೆ ದೇವರ ಮೈಗೆ ಹಿಡಿಯುವುದಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ರಾಜಾಜಿನಗರದಿಂದ ರಾಜರಾಜೇಶ್ವರಿನಗರದವರೆಗೆ ಬೆಣ್ಣೆ ಗಟ್ಟಿಯಾಗಿ ತಲುಪಬೇಕು. ತಲುಪದಿದ್ದರೆ ಅಲಂಕಾರವಿಲ್ಲ, ಹರಕೆ ತೀರುವುದಿಲ್ಲ, ಮಂಡಿ ಮತ್ತೆ ಹಿಡಿದುಕೊಂಡರೆ ಆ ಅಪವಾದ ಹೊರುವವರು ಯಾರು?

"ನನ್ನ ಕಾರಲ್ಲಿ ಹಾಕಿ ಭಾವ" ಎಂದಿದ್ದ ಮಧ್ವೇಶ, ಸೇತುರಾಮರ ಷಡ್ಡಕ. ಅವರ ಹೆಂಡತಿ ಪ್ರಭಾಳ ತಂಗಿ ಮಾಲವಿಕಾಳ ಗಂಡ. ಅವನದು ಹೊಚ್ಚ ಹೊಸ ಕಾರು. "ಮನೆಯಿಂದ್ಲೇ ಫೋನಲ್ಲಿ ಎ.ಸಿ. ಆನ್ ಮಾಡ್ತೀನಿ. ಚಪ್ಪಲಿ ಹಾಕ್ಕೊಳ್ಳೋಷ್ಟರಲ್ಲಿ ಕಾರು ಫ್ರಿಜ್ಜು!"

"ಫ್ರಿಜ್ಜಲ್ಲಿ ಕೂತು ಓಡಾಡೋಕೆ ನಾನೇನು ಕೊತ್ತಂಬರಿ ಸೊಪ್ಪಾ?" ಎಂದು ಕೇಳಿ ಸೇತುರಾಮರು ಆ ಅಧ್ಯಾಯವನ್ನು ಅಲ್ಲಿಗೇ ಮುಚ್ಚಿದ್ದರು.

ಸೇತುರಾಮರ ಕಾರಿನ ಎ.ಸಿ. ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು. ಅದು ನಿಧಾನಸ್ಥ. ಬಟನ್ ಒತ್ತಿದ ಕೂಡಲೇ ಮೊದಲು ಹಂಡೆ ಒಲೆಯ ಮುಂದೆ ಕೂತಂತೆ ಬಿಸಿಗಾಳಿ. ಆಮೇಲೆ ಒದ್ದೆ ಗೋಣಿಚೀಲದ ವಾಸನೆ. ಆಮೇಲೆ ಯಾರೋ ಒಳಗೆ ಕೂತು ಗೊರಕೆ ಹೊಡೆಯುವಂಥ ಸದ್ದು. ತಲುಪಬೇಕಾದ ಜಾಗಕ್ಕೆ ಇನ್ನು ಒಂದೇ ತಿರುವು ಎನ್ನುವಾಗ ಹಿಮಾಲಯವೇ ಕದ ತೆರೆದಂತೆ ತಣ್ಣನೆ ಗಾಳಿ!

"ಈ ಎ.ಸಿ.ಯಿಂದ ತಂಪು ಆಗಿರೋದು ನಮ್ಮ ಪಾರ್ಕಿಂಗ್ ಜಾಗ ಒಂದೇ" ಎನ್ನುತ್ತಿದ್ದಳು ಪ್ರಭಾ.

"ದೊಡ್ಡ ವಿದ್ವಾಂಸರು ವೇದಿಕೆಗೆ ಬಂದ ಕೂಡ್ಲೇ ತಾನ ಹಾಕ್ತಾರೇನೇ? ಶ್ರುತಿ ಸೇರಿಸ್ಕೊಳ್ಳೋದು ಬೇಡ್ವಾ?"

"ಇದು ಶ್ರುತಿ ಸೇರಿಸೋಷ್ಟರಲ್ಲಿ ಕೇಳೋಕೆ ಬಂದೋರೆಲ್ಲ ಬೆಂದುಹೋಗಿರ್ತಾರೆ ಕಣ್ರೀ."

ಸೇತುರಾಮರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಮೇಷ್ಟ್ರು. ಯಾವ ಶಾಖಕ್ಕೆ ಯಾವ ವಸ್ತು ಕರಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಆದರೆ ಅದೆಲ್ಲ ಪರೀಕ್ಷೆಗೆ. ಷಡ್ಡಕನ ಮುಂದೆ ಯಾವ ಫಿಸಿಕ್ಸೂ ನಿಲ್ಲುವುದಿಲ್ಲ.

ಶನಿವಾರ ಮಧ್ಯಾಹ್ನ ಎರಡೂ ಕಾರುಗಳು ರಾಜಾಜಿನಗರದ ಬೆಣ್ಣೆ ಅಂಗಡಿಯ ಮುಂದೆ ನಿಂತವು. ಇದ್ದ ಒಂದೇ ಹೊಂಗೆ ಮರದ ನೆರಳನ್ನು ಮಧ್ವೇಶ ಮೊದಲೇ ಹಿಡಿದುಬಿಟ್ಟಿದ್ದ. ಸೇತುರಾಮರು ಎದೆಯುಬ್ಬಿಸಿ ನಡುಬಿಸಿಲಿನಲ್ಲಿ ನಿಲ್ಲಿಸಿದರು. ಮೇಲಾಗಿ ಅಂಗಿಯ ಮೇಲೊಂದು ತೋಳಿಲ್ಲದ ಸ್ವೆಟರ್ ಹಾಕಿಕೊಂಡಿದ್ದರು.

"ಭಾವ, ಮೈ ಹುಷಾರಿಲ್ವಾ?" ಎಂದ ಮಧ್ವೇಶ.

"ನನ್ನ ಕಾರಲ್ಲಿ ಕೂತರೆ ಇದು ಬೇಕಾಗುತ್ತೆ. ಅತ್ತೆ, ನೀವೂ ಶಾಲು ಹೊದ್ಕೊಂಡುಬಿಡಿ. ಆಮೇಲೆ ಶೀತ ಆಯ್ತು ಅಂತ ನನ್ನ ಮೇಲೆ ಬರಬೇಡಿ."

ಅತ್ತೆ ಅಳಿಯನನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡರು.

ಮಾಲವಿಕಾ ತನ್ನ ಕಾರಿನಿಂದ ಥರ್ಮಾಕೋಲಿನ ದೊಡ್ಡ ಪೆಟ್ಟಿಗೆ ಇಳಿಸಿದಳು. ಒಳಗೆ ಮೀನಿನ ಅಂಗಡಿಯವರೂ ನಾಚುವಷ್ಟು ಐಸು.

"ಇದು ಏನು?" ಸೇತುರಾಮರ ಹುಬ್ಬು ಮೇಲೇರಿತು.

"ಬೆಣ್ಣೆಗೆ ಭಾವ. ಕರಗದೇ ಇರ್ಲಿ ಅಂತ."

"ಐಸಾ? ನನ್ನ ಕಾರಿನೊಳಗೆ ಐಸಾ? ಹಾಡುಗಾರರ ಪಕ್ಕ ಟೇಪ್ ರೆಕಾರ್ಡರ್ ಇಟ್ಟ ಹಾಗಾಯ್ತು! ವಾಪಸ್ ಇಡಮ್ಮ ಅದನ್ನ. ಬೆಣ್ಣೆ ಡಬರಿಯಲ್ಲಿ ಬರುತ್ತೆ, ಡಬರಿ ಮುಂದಿನ ಸೀಟಲ್ಲಿ ಕೂರುತ್ತೆ, ಎ.ಸಿ. ಅದರ ಮುಖಕ್ಕೇ ಬೀಸುತ್ತೆ. ಮುಗೀತು!"

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಯ್ತು, ನೀವು ಹೋಗಿ ಎ.ಸಿ. ಹಾಕಿ. ಬೆಣ್ಣೆ ನಾವು ತರ್ತೀವಿ" ಎಂದಳು ಪ್ರಭಾ, ಎಂದಿಲ್ಲದ ವಿನಯದಿಂದ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ವಿನಯ ಕಂಡಾಗ ಹೆದರಿಕೆಯಾಗಬೇಕಿತ್ತು. ಸೇತುರಾಮರಿಗೆ ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಬಾಳೆ ಎಲೆ ಮುಚ್ಚಿದ ಸ್ಟೀಲ್ ಡಬರಿ ಬಂತು. ಪ್ರಭಾ ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹೊಸ ಮದುಮಗನಿಗೆ ಪಂಚೆ ಉಡಿಸುವಂತೆ ಸೀಟ್ ಬೆಲ್ಟ್ ಬಿಗಿದು, ಹಿಂದೆ ತಾಯಿಯ ಪಕ್ಕ ಕೂತಳು. ದಂಡಯಾತ್ರೆ ಹೊರಟಿತು. ಮುಂದೆ ಸೇತುರಾಮರ ರಥ, ಹಿಂದೆ ಬೇಹುಗಾರನಂತೆ ಮಧ್ವೇಶನ ಕಾರು.

ಕಾರ್ಡ್ ರೋಡ್ ಹಿಡಿಯುವಷ್ಟರಲ್ಲಿ ಕಾರಿನೊಳಗೆ ಇಡ್ಲಿ ಬೇಯಿಸಬಹುದಿತ್ತು. ಸೀಟು ಸುಡುತ್ತಿತ್ತು, ಸ್ಟಿಯರಿಂಗ್ ಸುಡುತ್ತಿತ್ತು, ಎ.ಸಿ.ಯಿಂದ ಬರುತ್ತಿದ್ದ ಗಾಳಿ ಎಲ್ಲಕ್ಕಿಂತ ಜೋರಾಗಿ ಸುಡುತ್ತಿತ್ತು.

"ರೀ, ಕಿಟಕಿ ಒಂಚೂರು ಇಳಿಸ್ರೀ. ಒಳಗಿರೋ ಬಿಸಿಯಾದ್ರೂ ಆಚೆ ಹೋಗ್ಲಿ."

"ಹಿಂದೆ ಅವನು ಬರ್ತಾ ಇದಾನೆ ಕಣೇ! ಕಿಟಕಿ ಇಳಿಸಿದ್ರೆ ಕೋಟೆ ಮೇಲಿನ ಬಾವುಟ ಇಳಿಸಿದ ಹಾಗೆ. ನನ್ನ ಹೆಣ ಇಳಿಸಬೇಕು, ಕಿಟಕಿ ಇಳಿಯಲ್ಲ!"

"ಇಲ್ಲಿ ಮೂರು ಹೆಣ ಇಳಿಸಬೇಕಾಗುತ್ತೆ."

ವಿಜಯನಗರ ದಾಟಿತು. ಎ.ಸಿ. ಗೋಣಿಚೀಲದ ಹಂತಕ್ಕೆ ಬಂತು. ಅತ್ತಿಗುಪ್ಪೆಯಲ್ಲಿ ಸಿಗ್ನಲ್ಲಿಗೆ ನಿಂತಾಗ ಪಕ್ಕದ ಮೇಲ್ಸೇತುವೆಯಲ್ಲಿ ಮೆಟ್ರೋ ತಣ್ಣಗೆ ಹಾದುಹೋಯಿತು. ಪ್ರಭಾ ಅದನ್ನು ತವರು ಮನೆಯ ಕಡೆ ನೋಡುವಂತೆ ನೋಡಿದಳು. ಸೇತುರಾಮರ ಬೆವರು ಸ್ವೆಟರನ್ನು ದಾಟಿ ಸೀಟಿಗಿಳಿಯುತ್ತಿತ್ತು.

"ಅಳಿಯಂದ್ರೇ" ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ.

"ಏನತ್ತೆ? ಶಾಲು ಸಾಕಾಗ್ತಾ ಇಲ್ವಾ?"

"ಹಾಗಲ್ಲ. ಮಂಡಿಗೆ ದಿನಾ ಬಿಸಿ ಶಾಖ ಕೊಡಿ ಅಂತ ಡಾಕ್ಟ್ರು ಹೇಳಿದ್ರು. ಇವತ್ತು ಇಡೀ ಮೈಗೇ ಆಯ್ತು. ಒಳ್ಳೇದಾಗ್ಲಿ ನಿಮಗೆ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪ್ರಭಾ ಸ್ಪೀಕರ್ ಹಾಕಿ ಹಿಡಿದಳು. ಮಧ್ವೇಶ! "ಭಾವ, ನಿಮ್ಮ ಹಿಂದಿನ ಗಾಜೆಲ್ಲ ಒಳಗಡೆಯಿಂದ ಮಂಜು ಮಂಜಾಗಿದೆಯಲ್ಲ. ಎಲ್ಲಾ ಸರಿಯಾಗಿದೀರಾ?"

"ಚಳಿ ಮಧ್ವೇಶ್, ಚಳಿ! ಅತ್ತೆ ನಡುಗ್ತಾ ಇದಾರೆ!"

ಅತ್ತೆ ನಡುಗುತ್ತಿದ್ದದ್ದು ನಿಜ. ಕಾರಣ ಬೇರೆ.

ನಾಯಂಡಹಳ್ಳಿ ಹತ್ತಿರ ಟ್ರಾಫಿಕ್ಕು ಕಲ್ಲಾಗಿ ನಿಂತಿತು. ಡಬರಿಯಿಂದ 'ಗುಳುಕ್' ಎಂಬ ಸದ್ದು ಬಂತು. ಗಟ್ಟಿ ಪದಾರ್ಥ ಮಾಡುವ ಸದ್ದಲ್ಲ ಅದು! ಸೇತುರಾಮರ ಒಳಗಿನ ಫಿಸಿಕ್ಸ್ ಮೇಷ್ಟ್ರು ಗಾಬರಿಯಿಂದ ಎದ್ದು ನಿಂತರು. ಒಳಗೇ ಇದ್ದ ಷಡ್ಡಕ ಅವರನ್ನು ಅದುಮಿ ಕೂರಿಸಿದ.

"ರೀ, ಏನೋ ಗುಳುಕ್ ಅಂತು."

"ನನ್ನ ಹೊಟ್ಟೆ."

ಜಾಮ್ ಬಿಟ್ಟಿತು. ಬಿಟ್ಟ ಖುಷಿಗೆ ಸೇತುರಾಮರು ಆಕ್ಸಿಲರೇಟರ್ ಒತ್ತಿದರು. ಅದೇ ಖುಷಿಯಲ್ಲಿದ್ದ ಆಟೋ ಒಂದು ಬಲಗಡೆಯಿಂದ ಅಡ್ಡ ನುಗ್ಗಿತು. ಸೇತುರಾಮರು ಬ್ರೇಕ್ ತುಳಿದು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರು. ಸೀಟ್ ಬೆಲ್ಟು ಡಬರಿಯ ಸೊಂಟವನ್ನು ನಿಷ್ಠೆಯಿಂದ ಹಿಡಿದುಕೊಂಡಿತು. ತಲೆಯನ್ನು ಹಿಡಿಯಲು ಅದಕ್ಕೆ ಕೈ ಸಾಲಲಿಲ್ಲ. ಡಬರಿ ಬಲಕ್ಕೆ ಬಾಗಿತು, ಬಾಳೆ ಎಲೆ ಹಾರಿತು, ಒಳಗಿದ್ದದ್ದೆಲ್ಲ ಎದ್ದು ಒಂದೇ ಅಲೆಯಾಗಿ ಸೇತುರಾಮರನ್ನು ಆಲಿಂಗಿಸಿತು!

ಕೆನ್ನೆ, ಕಿವಿ, ಮೀಸೆ, ಕನ್ನಡಕ, ಸ್ವೆಟರ್, ಪ್ಯಾಂಟು. ಒಂದು ಜಾಗ ಬಿಡಲಿಲ್ಲ.

"ಅಯ್ಯೋ, ಬೆಣ್ಣೆ!" ಎಂದು ಕೂಗಿದಳು ಪ್ರಭಾ. ಗಂಡನ ಹೆಸರು ಆ ಕೂಗಿನಲ್ಲಿ ಎಲ್ಲೂ ಇರಲಿಲ್ಲ.

ಸರಿಯಾಗಿ ಆ ಗಳಿಗೆಗೆ, ರಾಜರಾಜೇಶ್ವರಿನಗರದ ಕಮಾನು ಕಣ್ಣಿಗೆ ಬಿತ್ತು. ತಲುಪುವ ಜಾಗ ಹತ್ತಿರವಾಯಿತೆಂದು ಎ.ಸಿ.ಗೆ ಅದು ಹೇಗೆ ಗೊತ್ತಾಗುತ್ತದೋ! ಗೊರಕೆ ನಿಂತಿತು. ಹಿಮಾಲಯ ಕದ ತೆರೆಯಿತು. ಡಬರಿ ಖಾಲಿಯಾಗಿದ್ದರಿಂದ ಸೇತುರಾಮರು ಎಲ್ಲಾ ಕಿಂಡಿಗಳನ್ನೂ ತಮ್ಮ ಕಡೆಗೇ ತಿರುಗಿಸಿಕೊಂಡರು. ಗಾಳಿ ಬೀಸಿತು. ಬೆಣ್ಣೆ ಗಟ್ಟಿಯಾಗತೊಡಗಿತು. ಮೊದಲು ಮೀಸೆ ಹೆಪ್ಪುಗಟ್ಟಿತು. ಆಮೇಲೆ ಸ್ವೆಟರಿನ ಒಂದೊಂದು ಹೆಣಿಗೆಯೂ ಬೆಳ್ಳಗೆ ನಿಂತಿತು. ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ ಇಳಿದಾಗ ಅವರ ಮೊಣಕೈ ಮಡಚಲು ಬರುತ್ತಿರಲಿಲ್ಲ.

ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಅವರನ್ನು ನೋಡಿ ಕೈಮುಗಿದರು.

ಗೋಡಂಬಿ, ದ್ರಾಕ್ಷಿಯ ತಟ್ಟೆ ಹಿಡಿದು ಕಾಯುತ್ತಿದ್ದ ಅರ್ಚಕರು ಮೇಲಿಂದ ಕೆಳಗೆ ನೋಡಿದರು. "ಏನಮ್ಮಾ ಇದು? ದೇವರು ಒಳಗಿದಾನೆ. ನೀವು ಹೊರಗಡೇನೇ ಅಲಂಕಾರ ಮುಗಿಸಿಬಿಟ್ರಾ?"

ಇನ್ಯಾರಾದರೂ ಆಗಿದ್ದರೆ ಅಲ್ಲೇ ಭೂಮಿ ಬಾಯ್ಬಿಡಲಿ ಎನ್ನುತ್ತಿದ್ದರು. ಸೇತುರಾಮರು ಬೆಣ್ಣೆ ಮೆತ್ತಿದ ಬೆರಳನ್ನು ಮಧ್ವೇಶನತ್ತ ಚಾಚಿದರು.

"ಏನ್ರೀ ಮಧ್ವೇಶ್, ನಗ್ತೀರಾ? ಮುಟ್ಟಿ ನೋಡಿ! ಬೆಣ್ಣೆ ಗಟ್ಟಿಯಾಗಿದೆಯೋ ಇಲ್ವೋ? ನನ್ನ ಎ.ಸಿ. ಬೆಣ್ಣೆ ಗಟ್ಟಿಯಾಗಿ ತಲುಪಿಸುತ್ತೆ ಅಂದಿದ್ದೆ, ತಲುಪಿಸಿದೆ. ಯಾವುದರ ಮೇಲೆ ಅಂತ ನಾನು ಹೇಳಿರಲಿಲ್ಲ!"

"ಭಾವ, ನೀವು ಹೇಳೋದು ಸರೀನೇ" ಎಂದ ಮಧ್ವೇಶ, ಮುಖವನ್ನು ಕಂಬದ ಹಿಂದೆ ಅಡಗಿಸಿಕೊಂಡು.

ಸೇತುರಾಮರ ದನಿ ಆಗ ತಾನೇ ಇಳಿಯಿತು. ಅತ್ತೆಯತ್ತ ನೋಡಲು ಧೈರ್ಯ ಬರಲಿಲ್ಲ. "ಹರಕೆ... ಹತ್ತೂ ಕೆ.ಜಿ. ನನ್ನ ಮೇಲೇ ಹೋಯ್ತಲ್ಲ ಅತ್ತೆ. ಈಗಲೇ ಹೋಗಿ ಬೇರೆ ತರ್ತೀನಿ."

"ಹತ್ತೂ ಅಲ್ಲ, ಎರಡು" ಎಂದಳು ಪ್ರಭಾ.

ಮಾಲವಿಕಾ ತನ್ನ ಕಾರಿನಿಂದ ಥರ್ಮಾಕೋಲಿನ ಪೆಟ್ಟಿಗೆ ಹೊತ್ತು ತಂದಳು. ಐಸಿನ ನಡುವೆ ಎಂಟು ಕೆ.ಜಿ. ಬೆಣ್ಣೆ, ಬೆಟ್ಟದ ಮೇಲಿನ ಹಿಮದಂತೆ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು.

"ಇದು... ಇದು ಯಾವಾಗ?"

"ನೀವು ಎ.ಸಿ. ಹಾಕೋಕೆ ಹೋದಾಗ. ಇಪ್ಪತ್ತೈದು ವರ್ಷ ನಿಮ್ಮ ಜೊತೆ ಬಾಳಿದೀನಿ ಕಣ್ರೀ. ದೇವರ ಬೆಣ್ಣೆ ಎಲ್ಲಾನೂ ನಿಮ್ಮ ಕೈಗೆ ಕೊಡ್ತೀನಾ? ಎರಡು ಕೆ.ಜಿ. ನಿಮ್ಮ ಮರ್ಯಾದೆಗೆ ಅಂತ ಬಿಟ್ಟಿದ್ದೆ. ಅದನ್ನೂ ನೀವೇ ಮೈಗೆ ಹಾಕ್ಕೊಂಡ್ರಿ."

ಅಲಂಕಾರ ವೈಭವವಾಗಿ ನಡೆಯಿತು. ಅತ್ತೆ ಕೋಲಿಲ್ಲದೆ ಪ್ರದಕ್ಷಿಣೆ ಬಂದರು. ಸೇತುರಾಮರು ಕೊಳಾಯಿಯ ಕೆಳಗೆ ಕೂತು ಮೈ ತೊಳೆದುಕೊಂಡು, ಅರ್ಚಕರು ಕೊಟ್ಟ ಪಂಚೆ ಉಟ್ಟು, ಮಂಗಳಾರತಿಗೆ ಎಲ್ಲರಿಗಿಂತ ಹಿಂದೆ ನಿಂತರು. ಆದರೂ ಜಗ್ಗಲಿಲ್ಲ. "ಕಂಪ್ರೆಸರ್ ಚೆನ್ನಾಗೇ ಇದೆ. ಸ್ವಲ್ಪ ಸಮಯ ಕೊಡಬೇಕು ಅಷ್ಟೇ" ಎಂದು ಪಕ್ಕದವರಿಗೆ ಹೇಳುತ್ತಲೇ ಇದ್ದರು. ಪಕ್ಕದವರು ಮೂಸಿ ನೋಡಿ ಸ್ವಲ್ಪ ಸರಿದು ನಿಂತರು.

ಹೊರಡುವಾಗ ಅತ್ತೆ ನೇರವಾಗಿ ಮಧ್ವೇಶನ ಕಾರಿನಲ್ಲಿ ಕೂತರು. ಪ್ರಭಾಳೂ ತಾಯಿಯ ಪಕ್ಕ ಕೂತಳು. ಎಲ್ಲರಿಗೂ ಬಸವೇಶ್ವರನಗರದಲ್ಲೇ ಊಟ. ಮಾಲವಿಕಾ ಆಗ ತಾನೇ ಒಲೆಯಿಂದಿಳಿದ ಪ್ರಸಾದದ ಪೊಂಗಲ್ ಪಾತ್ರೆ ಹಿಡಿದು ಬಂದಳು.

"ಅಮ್ಮಾ, ಇದನ್ನ ನಮ್ಮ ಕಾರಲ್ಲೇ ಇಡಲಾ?"

"ಬೇಡ ಬೇಡ" ಎಂದರು ಅತ್ತೆ, ಗಾಜು ಇಳಿಸಿ. "ಪೊಂಗಲ್ ಆರಿಹೋದ್ರೆ ಚೆನ್ನಾಗಿರಲ್ಲ. ಸೇತುರಾಮರ ಕಾರಲ್ಲಿಡು."

ಸೇತುರಾಮರು ಹಲ್ಲು ಕಚ್ಚಿದರು. ಪಾತ್ರೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಮುಚ್ಚಳ ತೆಗೆದು, ಎಲ್ಲಾ ಕಿಂಡಿಗಳನ್ನೂ ಅದರ ಮುಖಕ್ಕೆ ತಿರುಗಿಸಿ, ಎ.ಸಿ.ಯನ್ನು ಕೊನೆಯ ಹಂತಕ್ಕೆ ಹಾಕಿದರು. ಈ ಪೊಂಗಲ್ ಕಲ್ಲಾಗಿ ಹೆಪ್ಪುಗಟ್ಟಬೇಕು, ಚಾಕುವಿನಿಂದ ಕೊಯ್ದು ಅತ್ತೆಗೆ ಬಡಿಸಬೇಕು! ಕಿಟಕಿ ಬಿಗಿಯಾಗಿ ಏರಿಸಿ ಹೊರಟರು.

ಮನೆಯಲ್ಲಿ ಎಲೆ ಹಾಕಿ ಬಡಿಸಿದಾಗ, ಮೊದಲ ತುತ್ತಿಗೇ ಅತ್ತೆಯ ನಾಲಿಗೆ ಸುಟ್ಟಿತು.