ಡೇರೆ ಹೂವಿನ ಸಾಕ್ಷಿಗಳು

ಕಳೆದ ವರ್ಷ ಪ್ರೆಸ್ಸಿನ ಬೈಂಡರ್ ತನ್ನ ಅಂಗಳದ ಡೇರೆ ಹೂವಿನ ಫೋಟೋವನ್ನು ಕ್ಯಾಲೆಂಡರಿಗೆಂದು ಕೊಟ್ಟಾಗ, ಮಾಲೀಕರು ನೋಡಿ, "ಚೆನ್ನಾಗಿದೆ ಕಣಯ್ಯಾ. ಇಂಟರ್ನೆಟ್ಟಲ್ಲಿ ಎಲ್ಲಿಂದ ಇಳಿಸಿದೆ?" ಎಂದಿದ್ದರು. ಆ ಮಾತು ಮೀನಿನ ಮುಳ್ಳಿನಂತೆ ಅವನ ಗಂಟಲಲ್ಲೇ ಉಳಿದಿತ್ತು. ಯಾರ‍್ಯಾರದೋ ಚಿತ್ರಗಳಿರುವ ಕ್ಯಾಲೆಂಡರಿಗೆ ತಗಡಿನ ಪಟ್ಟಿ ಬಡಿದು ಬಡಿದು ಸಾಕಾಗಿತ್ತು. ಒಂದು ಸಲವಾದರೂ ಚಿತ್ರದ ಕೆಳಗೆ ತನ್ನ ಹೆಸರಿರಬೇಕು.

ಈ ವರ್ಷ ಚಿತ್ರ ಕೊಡಲು ಇವತ್ತೇ ಕಡೆಯ ದಿನ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ತಟ್ಟೆಯಗಲದ ಕೆಂಪು ಡೇರೆ, ಎಸಳೆಸಳಿಗೂ ಒಂದೊಂದು ಹನಿ ತೂಗಿಸಿಕೊಂಡು, ಒಡವೆಯಂಗಡಿ ದೋಚಿಕೊಂಡು ಬಂದವಳ ಹಾಗೆ ನಿಂತಿತ್ತು.

"ಈ ಸಲ ಸಾಕ್ಷಿ ಬೇಕು. ಪಕ್ಕದಲ್ಲಿ ನಿಂತ್ಕೋ ಬಾ," ಎಂದು ಹೆಂಡತಿಯನ್ನು ಕರೆದ. ಅವಳು ತಲೆ ಬಾಚಿಕೊಂಡು ಬಂದಳು.

ಪಕ್ಕದ ಮನೆಯ ನಿವೃತ್ತ ಕೋರ್ಟ್ ಗುಮಾಸ್ತರ ತಲೆ ಕಾಂಪೌಂಡಿನ ಮೇಲೆ ಮೂಡಿತು. "ಹೆಂಡತಿ ಸಾಕ್ಷಿ ಯಾರಯ್ಯಾ ನಂಬ್ತಾರೆ? ಹೊರಗಿನವರು ಬೇಕು. ಇರು, ಕೋಟು ಹಾಕ್ಕೊಂಡು ಬರ್ತೀನಿ."

"ಹಾಗಾದ್ರೆ ನಾನ್ಯಾಕೆ ಬೇಕು?" ಎಂದು ಹೆಂಡತಿ ಒಳಗೆ ಹೋದಳು. ಬಾಗಿಲು ತನ್ನಷ್ಟಕ್ಕೆ ತಾನು ಹಾಕಿಕೊಳ್ಳುವಂಥದ್ದಲ್ಲ, ಆದರೂ ದಡಾರನೆ ಹಾಕಿಕೊಂಡಿತು.

ಕೋಟು ತೊಟ್ಟು ಬಂದ ಗುಮಾಸ್ತರಿಗೆ ಒಬ್ಬ ಸಾಕ್ಷಿ ಸಾಲದೆನ್ನಿಸಿ, ಎದುರುಮನೆಯ ಟೈಲರನ್ನು ಕೂಗಿದರು. ಟೈಲರ್ ತನ್ನ ಅತ್ತೆಯನ್ನೂ, ಅತ್ತೆ ಕೂರುವ ಕುರ್ಚಿಯನ್ನೂ ತಂದ.

"ಬಿಸಿಲು ಬರ್ತಿದೆ, ಹನಿ ಆರಿಹೋಗತ್ತೆ. ಬೇಗ ನಿಂತ್ಕೊಳ್ಳಿ!" ಬೈಂಡರ್ ಗೋಗರೆದ.

"ಒಂದ್ನಿಮಿಷ," ಎಂದ ಟೈಲರ್, ಹೆಗಲ ಮೇಲಿದ್ದ ಬಟ್ಟೆಯಿಂದ ಹೂವನ್ನು ನೀಟಾಗಿ ಒರೆಸಿದ. ಒಂದು ಹನಿಯೂ ಉಳಿಯಲಿಲ್ಲ.

"ಅಯ್ಯೋ, ಏನು ಮಾಡಿಬಿಟ್ರಿ!"

"ಫೋಟೋಗೆ ನಿಲ್ಲೋ ಮುಂಚೆ ಮುಖ ಒರೆಸ್ಬೇಡ್ವಾ?"

ಬೈಂಡರಿಗೆ ಅಳುವುದೊಂದೇ ಬಾಕಿ. "ಹನಿ ತಾನೇ ಬೇಕಿರೋದು? ಮೇಲೆ ಬೇಕಾದಷ್ಟಿದೆ," ಎಂದು ಗುಮಾಸ್ತರು ತಲೆಯ ಮೇಲಿನ ಸೀಬೆ ಕೊಂಬೆಯನ್ನು ಹಿಡಿದು ಜಗ್ಗಿದರು. ಎಲೆಗಳಲ್ಲಿ ಉಳಿದಿದ್ದ ಮಳೆಯೆಲ್ಲ ಒಮ್ಮೆಲೇ ಸುರಿಯಿತು. ಅತ್ತೆ ಕಿರುಚಿದರು. ಟೈಲರ್ ಅತ್ತೆಯ ಹಿಂದೆ ಅವಿತ. ಹೂವಿನ ಮೇಲೆ ಮಾತ್ರ ಹನಿಗಳು ಮೊದಲಿಗಿಂತ ಚೆಂದವಾಗಿ ಕೂತಿದ್ದವು. ಎಲ್ಲರನ್ನೂ ಫೋಟೋದಲ್ಲಿ ಹಿಡಿಸಲು ಬೈಂಡರ್ ಮೊಬೈಲ್ ಹಿಡಿದು ಹಿಂದೆ ಹಿಂದೆ ಸರಿದ. ಕೆಸರಿನಲ್ಲಿ ಕಾಲು ಜಾರಿತು. ಬೀಳುತ್ತಲೇ ಬೆರಳೊತ್ತಿದ.

ಫೋಟೋ ನೋಡಿದವನು ಕೆಸರಲ್ಲಿ ಕೂತೇ ನಕ್ಕ. ಹೂವು ನಟ್ಟನಡುವೆ, ಹನಿಹನಿಯಲ್ಲೂ ಬೆಳಕು. ಸುತ್ತ ಒದ್ದೆಯಾದ ಮೂವರು ಸಾಕ್ಷಿಗಳು. ಇನ್ನು ಯಾರಾದರೂ ಕೇಳಲಿ, ಎಲ್ಲಿಂದ ಇಳಿಸಿದೆ ಅಂತ!

ಮಧ್ಯಾಹ್ನ ಮಾಲೀಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದನ್ನೇ ಹಾಕೋಣ. ಇಳಿಸಿದ್ದಲ್ಲ ಅಂತ ಯಾರಿಗಾದ್ರೂ ಗೊತ್ತಾಗತ್ತೆ. ಹೂ ಯಾರದ್ದು ಅಂತಾನೂ ಗೊತ್ತಾಗತ್ತೆ. ಕೆಳಗೆ ಹೆಸರು ಹಾಕಿಸ್ತೀನಿ."

ಬೈಂಡರ್ ಎದೆ ಪೂರಿಯಂತೆ ಉಬ್ಬಿತು.

ಮಾಲೀಕರ ಬೆರಳು ಗುಮಾಸ್ತರ ಮುಖದ ಮೇಲೆ ನಿಂತಿತು. "ಈ ಕೋಟಿನವರದ್ದು ಅಲ್ವಾ? ಬೆಳೆದವರಿಗಲ್ದೆ ಇಂಥಾ ಹೆಮ್ಮೆ ಬರತ್ತೇನಯ್ಯಾ?"

"ಸಾರ್, ಹೂ ನಂದು!"

"ನಿಂದಾ? ಮತ್ತೆ ಇದರಲ್ಲಿ ನೀನೆಲ್ಲಿದ್ದೀಯ?"

ಬೈಂಡರ್ ಮೊಬೈಲ್ ತೆಗೆದ. ಮನೆಗೆ ಫೋನ್ ಮಾಡಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ. "ಏನೇ, ಸಾರ್ ಕೇಳ್ತಿದ್ದಾರೆ. ನಮ್ಮ ಅಂಗಳದ ಡೇರೆ ಹೂ ಯಾರದ್ದು? ಸ್ವಲ್ಪ ಜೋರಾಗಿ ಹೇಳು."

ಆ ಕಡೆಯಿಂದ ಹೆಂಡತಿಯ ದನಿ ಜೋರಾಗಿಯೇ ಬಂತು.

"ನಂದು ಸಾರ್. ಗೆಡ್ಡೆ ನೆಟ್ಟಿದ್ದು ನಾನು, ಗೊಬ್ಬರ ಹಾಕಿದ್ದು ನಾನು, ಗಾಳಿಗೆ ಬೀಳದ ಹಾಗೆ ಕೋಲು ಕಟ್ಟಿದ್ದು ನಾನು. ನಮ್ಮನೆಯವರು ಬಂದೋರಿಗೆಲ್ಲ ತೋರಿಸ್ತಾರೆ, ಅಷ್ಟೇ."

"ಹೆಸರು ಹೇಳಮ್ಮಾ, ಬರ್ಕೊಳ್ತೀನಿ," ಎಂದ ಮಾಲೀಕರು ಬೈಂಡರ್ ಜೇಬಿನಿಂದಲೇ ಪೆನ್ನು ಎಳೆದುಕೊಂಡರು.