ಕೈ ಹಿಡಿದ ಹೊತ್ತಿಗೇ ಒದ್ದ ಯಂತ್ರಕ್ಕೆ

ನನ್ನ ಎಡಗಡೆಯ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ವಾಸವಾಗಿದ್ದು, ಹಗಲಿರುಳೂ ಎದೆಬಡಿತ ಎಣಿಸುತ್ತ, ಲಯ ಕೆಟ್ಟಿತೆಂದು ಕಂಡ ಕೂಡಲೇ ವಿದ್ಯುತ್ತಿನಿಂದ ಒದೆಯುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಗಡಿಯಾರ ರಿಪೇರಿಯವನ ಸವಿನಯ ವಂದನೆಗಳು. ನಲವತ್ತು ವರ್ಷ ಊರವರ ಟಿಕ್‌ಟಿಕ್ ಸರಿಪಡಿಸಿದವನಿಗೆ ಸ್ವಂತ ಎದೆಯೇ ಕೈಕೊಟ್ಟು, ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿಯುತ್ತಿದ್ದಾಗ, ಒಂದೇ ಏಟಿಗೆ ಎಬ್ಬಿಸಿ ಕೂರಿಸಿದವರು ತಾವು. ಆ ಉಪಕಾರ ಮರೆತಿಲ್ಲ. ಆದರೆ ಕಳೆದ ಮಂಗಳವಾರ ತಾವು ಮಾಡಿದ್ದನ್ನೂ ಮರೆಯಲಾಗುತ್ತಿಲ್ಲ.

ಅಂದು ಸಂಜೆ ಎದುರಿನ ಲೈಬ್ರರಿಯ ಮೇಡಂ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದಿದ್ದರು. ಅವರೂ ಒಂಟಿ, ನಾನೂ ಒಂಟಿ. ಎರಡು ವರ್ಷ ಬಾಳುವ ಸೆಲ್ಲನ್ನು ಆರು ತಿಂಗಳಲ್ಲಿ ಐದನೇ ಸಲ ಬದಲಿಸುತ್ತಿದ್ದರೆಂಬುದನ್ನು ತಾವು ಗಮನಿಸಿರಬಹುದು. ಪಟ್ಟಿ ಕಟ್ಟುವ ನೆಪದಲ್ಲಿ ಕೈ ಹಿಡಿದು, ಅರವತ್ತೊಂದು ವರ್ಷ ಕೂಡಿಟ್ಟ ಧೈರ್ಯವನ್ನೆಲ್ಲ ಬಾಯಿಗೆ ತಂದುಕೊಂಡು, "ನನ್ನನ್ನ ಮದುವೆ ಆಗ್ತೀರಾ?" ಎಂದುಬಿಟ್ಟೆ. ಅವರು ನೆಲ ನೋಡಿದರು. ನನ್ನ ಬಡಿತ ನೂರು, ನೂರಿಪ್ಪತ್ತು, ನೂರೈವತ್ತು ಎಂದು ಏರಿತು. ಕರ್ತವ್ಯನಿಷ್ಠರಾದ ತಾವು ಸರಿಯಾಗಿ ಆಗಲೇ, ಅವರ ಕೈ ಇನ್ನೂ ನನ್ನ ಕೈಯಲ್ಲಿರುವಾಗಲೇ, ಒದ್ದಿರಿ! ಸ್ಕ್ರೂ ಡಬ್ಬಿಯ ಸಮೇತ ನಾನು ಕೌಂಟರಿನಡಿ ಸೇರಿದೆ.

ಆಸ್ಪತ್ರೆಯಲ್ಲಿ ತಮ್ಮ ದಾಖಲೆ ಓದಿದ ಟೆಕ್ನಿಷಿಯನ್ ಹುಡುಗಿ ಬಿದ್ದುಬಿದ್ದು ನಕ್ಕಳು. "ಅಂಕಲ್, ಅಪಾಯದ ಬಡಿತ ಹೃದಯದ ಕೆಳಗಿನ ಕೋಣೆಯಿಂದ ಒಮ್ಮೆಲೇ ನುಗ್ಗುತ್ತೆ. ಖುಷಿದು ಮೇಲಿನ ಕೋಣೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ನಿಮ್ದು ಮೆಟ್ಟಿಲು ಹತ್ತಿದೆ, ಇದು ನುಗ್ತು ಅಂದ್ಕೊಂಡಿದೆ" ಎಂದು, ತಮಗೆ ಎರಡರ ವ್ಯತ್ಯಾಸ ಹೊಸದಾಗಿ ಕಲಿಸಿ ಕಳಿಸಿದಳು. ಎಂಥ ಪಾಂಡಿತ್ಯ ತಮ್ಮದು! ಪ್ರೇಮವನ್ನೂ ಮರಣವನ್ನೂ ಒಂದೇ ಕಡತಕ್ಕೆ ಸೇರಿಸಬಲ್ಲವರಿಗೆ ಯಾವ ಕಚೇರಿಯಲ್ಲಾದರೂ ಬಡ್ತಿ ಖಚಿತ.

ಇಷ್ಟಾದ ಮೇಲೂ ಮೇಡಂ ಒಪ್ಪಿದ್ದಾರೆ. ಶುಕ್ರವಾರ ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆ. ಅವರು ಸಹಿ ಹಾಕುವಾಗ ನನ್ನ ಎದೆ ಓಡದೆ ಇರುವುದಿಲ್ಲ. ಆದ್ದರಿಂದ ದಯಮಾಡಿ 'ನಾಚಿಕೆ', 'ಮದುಮಗನ ಗಡಿಬಿಡಿ', 'ಅವರು ತಿರುಗಿ ನೋಡಿದ್ದು' ಎಂಬ ಮೂರು ಹೊಸ ವರ್ಗಗಳನ್ನು ತೆರೆಯಬೇಕು; ಒದೆಯಲೇಬೇಕೆನಿಸಿದರೆ ಮೊದಲು ಒಂದು ಸಲ ಕೆಮ್ಮಬೇಕು; ಸಾಧ್ಯವಾದರೆ ಚಪ್ಪಾಳೆ ತಟ್ಟಬೇಕು. ತಮಾಷೆ ಬಿಟ್ಟು ಹೇಳುವುದಾದರೆ, ನನಗೆ ಹೆದರಿಕೆಯಾಗಿದೆ. ತಮ್ಮನ್ನು ನಿಲ್ಲಿಸಿಬಿಡಿ ಎಂದು ಡಾಕ್ಟರಿಗೆ ಹೇಳಲೂ ಬಾಯಿ ಬರುವುದಿಲ್ಲ, ಏಕೆಂದರೆ ಬದುಕುವ ಆಸೆ ಈಗ ಮೊದಲಿಗಿಂತ ಹೆಚ್ಚಾಗಿದೆ.

ಎಚ್ಚರದಲ್ಲೂ ನಿದ್ದೆಯಲ್ಲೂ ತಮ್ಮನ್ನು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಗಡಿಯಾರದಂಗಡಿಯವನು

ವಿ.ಸೂ.: ಯಾಕೆ ಒಪ್ಪಿದಿರಿ ಎಂದು ಮೇಡಂ ಅವರನ್ನು ನಿನ್ನೆ ಕೇಳಿದೆ. "ನೀವು ಕೈ ಹಿಡಿದಾಗ ಮೈಯೆಲ್ಲ ಜುಮ್ ಅಂತು ಕಣ್ರೀ, ಈ ವಯಸ್ಸಲ್ಲೂ!" ಎಂದರು. ಅದು ತಮ್ಮ ಕರೆಂಟೆಂದು ನಾನು ಹೇಳಿಲ್ಲ. ತಾವೂ ಬಾಯಿ ಬಿಡಕೂಡದು. ಶುಕ್ರವಾರದಿಂದ ಆ ಕೆಲಸ ನನಗೆ ಬಿಡಿ.